ಮರ್ದಿನಿ ಕೈಯಂತ್ರದ ಮಣ್ಣಿನ ಬ್ಲಾಕ್: ನೆರೆ ಊರಿನ ಮನೆಗೆ ಎಷ್ಟು ಸೈ?

2009ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ, ಕೃಷ್ಣಾ–ಮಲಪ್ರಭಾ ಸೀಮೆಯಲ್ಲಿ ಬಿದ್ದ ಮಣ್ಣಿನ ಮನೆಗಳಲ್ಲಿ ಬಹಳಷ್ಟು ಬುಡ ನೆನೆದು ಕೂತವು. ಒಣಗಿದ್ದಾಗ ಕಲ್ಲಿನಂತಿರುವ ಗೋಡೆ ಎರಡು ದಿನ ನೀರಲ್ಲಿ ನಿಂತರೆ ಮುದ್ದೆ. ಈ ಒಂದು ಕುಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್ಸಿ) ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಇದ್ದ ಅಸ್ತ್ರ ಕೇಂದ್ರದವರು ಕಂಡುಕೊಂಡ ಮದ್ದು, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಬ್ಲಾಕ್. ಅಸ್ತ್ರಂ, ಮರ್ದಿನಿ ಎಂಬ ಕೈಯಂತ್ರಗಳು ಬಂದದ್ದು ಆ ಕೆಲಸದಿಂದಲೇ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ: ಯಂತ್ರ ಚೆನ್ನಾಗಿದೆ, ಆದರೆ ಅದು ಕೊಡುವುದು ಬ್ಲಾಕ್ ಮಾತ್ರ. ಮನೆ ಉಳಿಯಬೇಕಾದರೆ ಹಳೇ ಮನೆಯ ಎತ್ತರದ ಕಟ್ಟೆಯೂ ಅಗಲ ಸೂರೂ ಜೊತೆಗೆ ಬರಬೇಕು.

ಯಂತ್ರದಲ್ಲಿ ಮೋಟಾರಿಲ್ಲ, ಕರೆಂಟ್ ಬೇಡ. ಅಚ್ಚಿಗೆ ಮಣ್ಣು ಸುರಿದು, ಮುಚ್ಚಳ ಬಿಗಿದು, ಉದ್ದನೆಯ ಹಿಡಿಯನ್ನು ಇಬ್ಬರು ಕೆಳಗೆ ಎಳೆದರೆ 230×190×100 ಮಿ.ಮೀ. ಬ್ಲಾಕ್ ಸಿದ್ಧ. ಇಲ್ಲಿ ಒಂದು ಸೂಕ್ಷ್ಮವಿದೆ. ಒತ್ತುವ ತಟ್ಟೆ ಪ್ರತಿ ಸಲವೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತದೆ, ಹಾಗಾಗಿ ಬ್ಲಾಕಿನ ಗಟ್ಟಿತನ ತೀರ್ಮಾನವಾಗುವುದು ಒಳಗೆ ಎಷ್ಟು ಕೆ.ಜಿ. ಮಣ್ಣು ಬಿತ್ತು ಎಂಬುದರಿಂದ. ಈ ಅಳತೆಗೆ ಹದ ಮಾಡಿದ ಮಣ್ಣು ಸುಮಾರು 8.7 ಕೆ.ಜಿ. ಬೇಕು, ಒಣಗಿದ ಮೇಲೆ 7.9ರ ಹತ್ತಿರ ನಿಲ್ಲುತ್ತದೆ. ಕಡಿಮೆ ಬಿದ್ದರೆ ಮೂಲೆ ಉದುರುತ್ತದೆ, ಜಾಸ್ತಿಯಾದರೆ ಹಿಡಿ ಕೆಳಗೇ ಬರುವುದಿಲ್ಲ, ಬಲವಂತ ಮಾಡಿದರೆ ಬಾಗುತ್ತದೆ. ಬಾಂಡ್ಲಿ ಲೆಕ್ಕ ನಂಬಬೇಡಿ. ಯಂತ್ರದ ಪಕ್ಕ ತಕ್ಕಡಿ ಇಲ್ಲದಿದ್ದರೆ ಕೆಲಸ ಶುರು ಮಾಡದಿರುವುದೇ ವಾಸಿ.

ಮಣ್ಣಿನ ಆಯ್ಕೆಯೇ ಅರ್ಧ ಕೆಲಸ. ಮೇಲಿನ ಒಂದೆರಡು ಅಡಿ ಕೆತ್ತಿ ಬಿಸಾಡಿ, ಬೇರು–ಗೊಬ್ಬರ ಸೇರಿದ ಮಣ್ಣಿನಲ್ಲಿ ಸಿಮೆಂಟ್ ಸರಿಯಾಗಿ ಕಚ್ಚುವುದಿಲ್ಲ. ಕೊನೆಯ ಮಿಶ್ರಣದಲ್ಲಿ ಮರಳು 65–70 ಪಾಲು, ಜೇಡಿ 10–15 ಪಾಲು ಇರಲಿ. ನೂರಕ್ಕೆ 25–30 ಪಾಲು ಜೇಡಿ ಇರುವ ಕೆಂಪು ಮಣ್ಣಾದರೆ ಆ ಮಣ್ಣಿನಷ್ಟೇ ಪ್ರಮಾಣದ ಕ್ವಾರಿ ಡಸ್ಟ್ (ಕಲ್ಲುಪುಡಿ) ಸೇರಿಸಿದರೆ ಹದಕ್ಕೆ ಬರುತ್ತದೆ. ಪರೀಕ್ಷೆಗೆ 24 ಇಂಚು ಉದ್ದದ ಮರದ ಪೆಟ್ಟಿಗೆ ಸಾಕು: ಹಸಿ ಮಣ್ಣು ತುಂಬಿ ನೆರಳಲ್ಲಿ ಒಣಗಿಸಿ, ಅರ್ಧ ಇಂಚು ಕುಗ್ಗಿದರೆ ಸರಿ, ಒಂದಿಂಚು ದಾಟಿದರೆ ಮರಳು ಬೇಕೇ ಬೇಕು. ಎರೆ ಮಣ್ಣು ಇದಕ್ಕೆ ಆಗುವುದಿಲ್ಲ. ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಅದರ ಗುಣವನ್ನು ಇಷ್ಟು ಸಿಮೆಂಟ್ ತಡೆಯಲಾರದು, ಅದಕ್ಕೆ ಸುಣ್ಣವೇ ಬೇಕು. ನದಿ ದಂಡೆಯ ಊರುಗಳಲ್ಲಿ ಎರೆಯೇ ಹೆಚ್ಚು, ಆದ್ದರಿಂದ ಕೆಂಪು ಮಣ್ಣು ಇಲ್ಲವೇ ಗರಸು ತರಿಸುವ ಟ್ರ್ಯಾಕ್ಟರ್ ಬಾಡಿಗೆಯನ್ನು ಖರ್ಚಿಗೆ ಸೇರಿಸಿಯೇ ಲೆಕ್ಕ ಹಾಕಿ.

ಸಿಮೆಂಟ್ ತೂಕದಲ್ಲಿ ನೂರಕ್ಕೆ 7. ಒಂದು ಚೀಲಕ್ಕೆ 85–90 ಬ್ಲಾಕ್ ಬರುತ್ತವೆ. 300 ಚದರಡಿ ಮನೆಗೆ ಒಡೆಯುವುದೂ ಸೇರಿ ಸುಮಾರು 2,800 ಬ್ಲಾಕ್, ಅಂದರೆ 33 ಚೀಲ ಸಿಮೆಂಟ್, ಆರು ಬ್ರಾಸ್‌ನಷ್ಟು (ಬ್ರಾಸ್ ಅಂದರೆ ನೂರು ಘನ ಅಡಿ) ಮಣ್ಣು–ಡಸ್ಟ್. ಆರೇಳು ಜನರ ತಂಡ ದಿನಕ್ಕೆ 500ರ ಆಸುಪಾಸು ಒತ್ತುತ್ತದೆ. ಐದು ಮಿ.ಮೀ. ಜರಡಿ ಹಿಡಿದು, ಒಣ ಮಣ್ಣಿಗೇ ಸಿಮೆಂಟ್ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕೈದು ಚೂರಾಗಬೇಕು. ಪುಡಿಯಾದರೆ ನೀರು ಸಾಲದು, ಚಪ್ಪಟೆಯಾದರೆ ಹೆಚ್ಚಾಗಿದೆ. ಕಲಸಿದ ಮಣ್ಣು ಅರ್ಧ ಗಂಟೆಯೊಳಗೆ ಮುಗಿಯಲಿ.

ಮಣ್ಣಿನ ಕೆಲಸ ಬಲ್ಲ ಹಿರಿಯ ಗೌಂಡಿಗಳು ಅಭ್ಯಾಸಬಲದಿಂದ ಇದಕ್ಕೂ ಹೊಟ್ಟು, ಬೆಲ್ಲದ ನೀರು ಹಾಕೋಣ ಅನ್ನುತ್ತಾರೆ. ಹೊಟ್ಟು ಮಣ್ಣಿನ ಗಿಲಾವಿಗೆ, ಬೆಲ್ಲ ಸುಣ್ಣದ ಗಾರೆಗೆ ಸೈ. ಬ್ಲಾಕಿಗೆ ಬೇಡ: ಬೆಲ್ಲ ಸಿಮೆಂಟ್ ಗಟ್ಟಿಯಾಗುವುದನ್ನೇ ತಡೆಯುತ್ತದೆ, ಹೊಟ್ಟು ಒಳಗೇ ಕೊಳೆತು ಪೊಳ್ಳು ಬಿಡುತ್ತದೆ.

ಹೆಚ್ಚಿನವರು ಎಡವುವುದು ಕ್ಯೂರಿಂಗ್‌ನಲ್ಲಿ. ಐದಾರು ಸಾಲು ಎತ್ತರ ಪೇರಿಸಿ, ಹುಲ್ಲು ಇಲ್ಲವೇ ಗೋಣಿ ಹೊದಿಸಿ, ಮರುದಿನದಿಂದ ಕನಿಷ್ಠ 21 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ನೆರೆ ಪರಿಹಾರದ ಹಣ ತಳಪಾಯ, ಲಿಂಟಲ್ (ಬಾಗಿಲು–ಕಿಟಕಿಯ ಮೇಲಿನ ತೊಲೆ), ಛಾವಣಿ ಎಂದು ಕಂತಿನಲ್ಲಿ ಬರುವ ಕಡೆ ಮುಂದಿನ ಕಂತಿಗೆ ಬೇಕಾದ ಫೋಟೊ ತೆಗೆಸುವ ಅವಸರದಲ್ಲಿ ವಾರಕ್ಕೇ ಗೋಡೆ ಏಳುತ್ತದೆ. ಅಂಥ ಬ್ಲಾಕ್ ಬೇಸಿಗೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಬಣ್ಣ ಬಯಲಾಗುವುದು ನೀರು ನಿಂತಾಗ. ಪ್ರತಿ ಗುಡ್ಡೆಯಿಂದ ಎರಡು ಬ್ಲಾಕ್ ತೆಗೆದು 48 ಗಂಟೆ ನೀರಲ್ಲಿ ಮುಳುಗಿಸಿಡಿ. ಉಗುರಿನಿಂದ ಕೆರೆದಾಗ ಅಂಚು ಕರಗಿ ಬಂದರೆ ಆ ಗುಡ್ಡೆ ಗೋಡೆಗೆ ಬೇಡ, ಅಂಗಳಕ್ಕೆ ಹಾಸಿ.

ಕಟ್ಟುವಾಗ ಬುಡ ಸೈಜುಗಲ್ಲಿನದೇ ಇರಲಿ. ಎಷ್ಟು ಎತ್ತರ ಎಂದು ಎಂಜಿನಿಯರನ್ನು ಕೇಳುವ ಮುಂಚೆ ಊರ ಹಿರಿಯರನ್ನು ಕೇಳಿ, ಗುಡಿಯ ಗೋಡೆಯ ಮೇಲಿನ ನೆರೆ ಗುರುತು ನೋಡಿ, ಅದಕ್ಕಿಂತ ಒಂದಡಿ ಮೇಲಕ್ಕೆ ಹೋಗಿ. ಸೂರು ಎರಡಡಿ ಹೊರಚಾಚಲಿ. ಗಾರೆಗೆ ಸಿಮೆಂಟ್, ಮಣ್ಣು, ಮರಳು 1:2:6. ಬರೀ ಸಿಮೆಂಟಿನ ಗಡುಸು ಗಾರೆ ಬ್ಲಾಕಿಗಿಂತ ಗಟ್ಟಿಯಾಗಿ, ಬಿರುಕು ಬ್ಲಾಕಿನೊಳಗೇ ಬೀಳುತ್ತದೆ.

ಇನ್ನು ಭೂಕಂಪ. 1993ರ ಸೆಪ್ಟೆಂಬರ್ 30ರಂದು ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಜನರ ಮೇಲೆ ಬಿದ್ದದ್ದು ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ನಾಲ್ಕೂ ಗೋಡೆಗಳನ್ನು ಒಂದಾಗಿ ಬಿಗಿಯುವ ಪಟ್ಟಿ ಇಲ್ಲದಿದ್ದರೆ ಈ ಬ್ಲಾಕಿನ ಗೋಡೆಯೂ ಬಿಡಿಬಿಡಿಯಾಗಿ ತೂಗುತ್ತದೆ. ಲಿಂಟಲ್ ಮಟ್ಟದಲ್ಲಿ ಸುತ್ತಲೂ 75 ಮಿ.ಮೀ. ಕಾಂಕ್ರೀಟ್ ಪಟ್ಟಿ, ಒಳಗೆ 8 ಮಿ.ಮೀ.ಯ ಎರಡು ಕಂಬಿ, 150 ಮಿ.ಮೀ.ಗೊಂದು ರಿಂಗು ಹಾಕಿಸಿ. ಮೂಲೆಯಲ್ಲಿ ಕಂಬಿ ತುಂಡಾಗದೆ ತಿರುಗಿ ಮುಂದುವರಿಯಬೇಕು. ಕಾಂಟ್ರಾಕ್ಟರು ಪಟ್ಟಿಯನ್ನು ಬಾಗಿಲು–ಕಿಟಕಿಯ ಮೇಲಷ್ಟೇ ಹಾಕಿ ದುಡ್ಡು ಉಳಿಸುವುದು ಇಲ್ಲೇ.

ಕೊಡಗಿನವರಿಗೆ ಒಂದು ಮಾತು: 2018ರಂತೆ ಗುಡ್ಡವೇ ಜಾರಿದರೆ ಯಾವ ಬ್ಲಾಕೂ ನಿಲ್ಲದು. ಬರೆ (ಗುಡ್ಡದ ಇಳಿಜಾರು) ಕಡಿದು ಸಮತಟ್ಟು ಮಾಡಿದ ಜಾಗಕ್ಕೆ ಈ ಖರ್ಚು ಬೇಡ, ಮೊದಲು ಜಾಗ ಬದಲಿಸಿ.

ಒಂದೇ ಮನೆಗೆ ಯಂತ್ರ ಕೊಳ್ಳುವುದು ದಂಡ. ನಾಲ್ಕೈದು ಮನೆಯವರು ಸೇರಿ ಕೊಂಡರೆ ಅಥವಾ ಬಾಡಿಗೆಗೆ ತಂದರೆ ಗಿಟ್ಟುತ್ತದೆ. ಹಳೆಯದನ್ನು ಕೊಳ್ಳುವುದಾದರೆ ಬಣ್ಣ ನೋಡಬೇಡಿ, ಸಾಲಾಗಿ ಹತ್ತು ಬ್ಲಾಕ್ ಒತ್ತಿಸಿ ಎತ್ತರ ಅಳೆಯಿರಿ. ಎರಡು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಚ್ಚಳದ ತಿರುಗಣೆಯೋ ಅಚ್ಚಿನ ಒಳತಗಡೋ ಸವೆದಿದೆ. ಅದನ್ನು ಬದಲಿಸಿಕೊಡುವವರೆಗೆ ಮುಂಗಡ ಕೊಡಬೇಡಿ.