ಕಿಡ್ನಿ ಮತ್ತು ಪ್ರಸೂತಿ ತಜ್ಞರ ಜಂಟಿ ಕ್ಲಿನಿಕ್: ಬಳಸಿದವಳ ಅಭಿಪ್ರಾಯ

ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಇರುವ ಮಹಿಳೆಯರಿಗಾಗಿ ಕೆಲವು ದೊಡ್ಡ ಆಸ್ಪತ್ರೆಗಳು ನಡೆಸುವ ಜಂಟಿ ಕ್ಲಿನಿಕ್‌ನಲ್ಲಿ ಮೂತ್ರಪಿಂಡ ತಜ್ಞರೂ ಪ್ರಸೂತಿ ತಜ್ಞರೂ ಒಂದೇ ಕೋಣೆಯಲ್ಲಿ ಕುಳಿತು ಸಲಹೆ ನೀಡುತ್ತಾರೆ. ಐಜಿಎ ನೆಫ್ರೋಪತಿ (ಐಜಿಎ ಎಂಬ ಪ್ರತಿಕಾಯ ಕಿಡ್ನಿಯಲ್ಲಿ ಶೇಖರವಾಗಿ ಹಾನಿ ಮಾಡುವ ಕಾಯಿಲೆ) ಇರುವ ನಾನು ಅಂಥ ಒಂದು ಕ್ಲಿನಿಕ್‌ಗೆ ಗರ್ಭ ಧರಿಸುವ ಮೊದಲಿನಿಂದಲೇ ಹೋಗುತ್ತಿದ್ದೆ. ಈ ಸೇವೆಯಿಂದ ಹೆಚ್ಚಿನ ಪ್ರಯೋಜನ ದೊರೆಯುವುದು ಗರ್ಭಧಾರಣೆಗೆ ಮುಂಚಿನ ಭೇಟಿಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅದಕ್ಕೆ ಮುಖ್ಯ ಕಾರಣ ಔಷಧಿಗಳು. ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ತಗ್ಗಿಸಿ ನಮ್ಮ ಕಿಡ್ನಿಯನ್ನು ಕಾಪಾಡುವ ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳೇ ಗರ್ಭದ ನಡುವಿನ ಹಾಗೂ ಕೊನೆಯ ತಿಂಗಳುಗಳಲ್ಲಿ ಶಿಶುವಿನ ಕಿಡ್ನಿಗೆ ಹಾನಿ ಮಾಡುತ್ತವೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೊಫೆನೊಲೇಟ್ ಗರ್ಭಪಾತಕ್ಕೂ ಶಿಶುವಿನ ಅಂಗವೈಕಲ್ಯಕ್ಕೂ ಕಾರಣವಾಗಬಲ್ಲದ್ದರಿಂದ ಅದನ್ನು ಗರ್ಭಧಾರಣೆಗೆ ಕನಿಷ್ಠ 6 ವಾರ ಮೊದಲೇ ನಿಲ್ಲಿಸಿ, ಅಜಾಥಿಯೋಪ್ರಿನ್‌ನಂಥ ಔಷಧಿಗೆ ಬದಲಾಯಿಸಿ, ಕಾಯಿಲೆ ಹತೋಟಿಯಲ್ಲೇ ಉಳಿಯುತ್ತದೆಯೇ ಎಂದು ಕಾದು ನೋಡಬೇಕಾಗುತ್ತದೆ. ಹಾಗೆಂದು ಭಯದಿಂದ ತಾನಾಗಿಯೇ ಎಲ್ಲ ಮಾತ್ರೆಗಳನ್ನೂ ಬಿಟ್ಟುಬಿಡುವುದು ಅಷ್ಟೇ ಅಪಾಯಕಾರಿ. ಯಾವುದನ್ನು ಯಾವಾಗ ಬಿಡಬೇಕು, ರಕ್ತದೊತ್ತಡಕ್ಕೆ ಲ್ಯಾಬೆಟಲಾಲ್ ಅಥವಾ ನಿಫೆಡಿಪಿನ್ ಯಾವಾಗ ಆರಂಭಿಸಬೇಕು ಎಂಬುದನ್ನು ಇಬ್ಬರೂ ವೈದ್ಯರು ನನ್ನೆದುರೇ ಚರ್ಚಿಸಿ ನಿರ್ಧರಿಸಿದರು. ಬೇರೆ ಬೇರೆ ಕಡೆ ತೋರಿಸಿಕೊಳ್ಳುತ್ತಿದ್ದಾಗ ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವ ಹೊಣೆ ನನ್ನ ಮೇಲೆಯೇ ಇತ್ತು. ಆ ಭಾರ ಇಳಿದದ್ದು ದೊಡ್ಡ ನೆಮ್ಮದಿ.

ಅಪಾಯಗಳನ್ನು ಅವರು ಮುಚ್ಚಿಡಲಿಲ್ಲ. ಕಾಯಿಲೆ ಆರಂಭದ ಹಂತದಲ್ಲಿದ್ದರೂ ಪ್ರೀಎಕ್ಲಾಂಪ್ಸಿಯಾ (ಗರ್ಭಿಣಿಯಲ್ಲಿ ರಕ್ತದೊತ್ತಡ ಏರಿ ಅಂಗಗಳಿಗೆ ತೊಂದರೆ ಮಾಡುವ ಸ್ಥಿತಿ), ಅವಧಿಗೆ ಮುನ್ನ ಹೆರಿಗೆ ಮತ್ತು ಕಡಿಮೆ ತೂಕದ ಮಗುವಿನ ಸಾಧ್ಯತೆ ಇತರರಿಗಿಂತ ಹೆಚ್ಚು. ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ತ್ಯಾಜ್ಯ), ರಕ್ತದೊತ್ತಡ ಮತ್ತು ಪ್ರೋಟೀನ್ ಸೋರಿಕೆ ಏರಿದಷ್ಟೂ ಆ ಸಾಧ್ಯತೆ ಏರುತ್ತದೆ. ಕಿಡ್ನಿ ಕಾಯಿಲೆಯ ಐದು ಹಂತಗಳಲ್ಲಿ ಮೂರನೆಯದರಿಂದಾಚೆಗೆ ತಾಯಿಯ ಕಿಡ್ನಿಯ ಶಕ್ತಿ ಶಾಶ್ವತವಾಗಿ ಕುಗ್ಗಬಹುದೆಂಬ ಮಾತನ್ನೂ ಅವರು ನೇರವಾಗಿ ಹೇಳಿದರು. ಆದರೂ 'ನಿಮಗೆ ಮಗು ಬೇಡ' ಎಂಬ ತೀರ್ಪು ಅವರ ಬಾಯಿಂದ ಬರಲಿಲ್ಲ. ನಿರ್ಧಾರ ನನ್ನದೇ ಆಗಿ ಉಳಿದದ್ದಕ್ಕೆ ನಾನು ಕೃತಜ್ಞಳು.

ಪರೀಕ್ಷಾ ವರದಿ ಓದುವ ಬಗೆಯಲ್ಲೂ ಇಲ್ಲಿನ ಪರಿಣತಿ ಎದ್ದು ಕಾಣುತ್ತದೆ. ಗರ್ಭಾವಸ್ಥೆಯಲ್ಲಿ ಕಿಡ್ನಿಯು ರಕ್ತವನ್ನು ಸೋಸುವ ಪ್ರಮಾಣ ಸುಮಾರು ಅರ್ಧದಷ್ಟು ಹೆಚ್ಚಿ, ಆರೋಗ್ಯವಂತರಲ್ಲಿ ಕ್ರಿಯಾಟಿನಿನ್ ಇಳಿಯುತ್ತದೆ. ಆದ್ದರಿಂದ ಪ್ರಯೋಗಾಲಯದ ಹಾಳೆಯಲ್ಲಿ ಸಹಜವೆಂದು ಮುದ್ರಿತವಾಗುವ 0.9 ಅಥವಾ 1.0 ಮಿ.ಗ್ರಾಂ/ಡೆ.ಲೀ. ಕ್ರಿಯಾಟಿನಿನ್ ಗರ್ಭಿಣಿಯಲ್ಲಿ ಎಚ್ಚರಿಕೆಯ ಸಂಖ್ಯೆಯಾಗಬಹುದು. ಕ್ರಿಯಾಟಿನಿನ್‌ನಿಂದ ಕಿಡ್ನಿಯ ಸೋಸುವ ಶಕ್ತಿಯನ್ನು ಅಂದಾಜು ಮಾಡುವ ಇಜಿಎಫ್‌ಆರ್ ಲೆಕ್ಕವಂತೂ ಈ ಅವಧಿಯಲ್ಲಿ ನೆಚ್ಚತಕ್ಕದ್ದಲ್ಲ. ಮೊದಲೇ ಪ್ರೋಟೀನ್ ಸೋರುತ್ತಿರುವವರಲ್ಲಿ ಪ್ರೀಎಕ್ಲಾಂಪ್ಸಿಯಾ ಗುರುತಿಸುವುದು ಕಷ್ಟವಾದ ಕಾರಣ, ಗರ್ಭಕ್ಕೆ ಮುಂಚಿನ ಅಳತೆಗಳನ್ನು ಕಡತದಲ್ಲಿಟ್ಟು ಪ್ರತಿ ಭೇಟಿಯಲ್ಲೂ ಅವುಗಳೊಂದಿಗೆ ಹೋಲಿಸುತ್ತಿದ್ದರು. ಮೊದಲ ಮೂರು ತಿಂಗಳು ಮುಗಿಯುತ್ತಿದ್ದಂತೆ ಪ್ರೀಎಕ್ಲಾಂಪ್ಸಿಯಾದ ಸಾಧ್ಯತೆ ತಗ್ಗಿಸಲು ಕಡಿಮೆ ಪ್ರಮಾಣದ ಆಸ್ಪಿರಿನ್ ಆರಂಭಿಸಿದರು. ಮನೆಯಲ್ಲೇ ರಕ್ತದೊತ್ತಡ ಅಳೆದು ಬರೆದಿಡಲು ಕಲಿಸಿದರು.

ಕೊರತೆಗಳೂ ಇವೆ. ಕಾಯುವಿಕೆ ದೀರ್ಘವಾಗಿತ್ತು, ಕೈಗೆ ಕೊಡುವ ಸಾರಾಂಶವು ವೈದ್ಯರಿಗಷ್ಟೇ ಅರ್ಥವಾಗುವ ಭಾಷೆಯಲ್ಲಿತ್ತು. ಅದಕ್ಕಿಂತ ಗಂಭೀರವಾದದ್ದು ಹೆರಿಗೆಯ ನಂತರದ ಸಡಿಲತೆ. ಬಾಣಂತಿಯಲ್ಲೂ ರಕ್ತದೊತ್ತಡ ಏರಬಹುದು, ಕಿಡ್ನಿ ಎಷ್ಟು ಚೇತರಿಸಿಕೊಂಡಿದೆ ಎಂದು ಅಳೆಯಬೇಕು, ಹಾಲೂಡಿಸುವಾಗ ಹೊಂದುವ ಎನಾಲಪ್ರಿಲ್‌ನಂಥ ಔಷಧಿಗೆ ಮರಳುವ ಬಗ್ಗೆ ಯೋಚಿಸಬೇಕು. ಇಷ್ಟಿದ್ದರೂ ಮುಂದಿನ ಭೇಟಿಯ ದಿನವನ್ನು ನಾನೇ ಕೇಳಿ ಪಡೆಯಬೇಕಾಯಿತು. ಗರ್ಭನಿರೋಧದ ವಿಷಯವನ್ನೂ ನಾನೇ ಎತ್ತಿದೆ. ಈಸ್ಟ್ರೊಜೆನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಗಳು ರಕ್ತದೊತ್ತಡ ಏರಿಸಬಲ್ಲವಾದ್ದರಿಂದ, ಪ್ರೊಜೆಸ್ಟೊಜೆನ್ ಹಾರ್ಮೋನ್ ಮಾತ್ರ ಇರುವ ವಿಧಾನಗಳನ್ನಾಗಲಿ ಗರ್ಭಕೋಶದೊಳಗೆ ಇರಿಸುವ ವಂಕಿಯನ್ನಾಗಲಿ ಕ್ಲಿನಿಕ್‌ನವರೇ ಹೆರಿಗೆಗೆ ಮೊದಲು ವಿವರಿಸುವಂತಾಗಬೇಕು.