ಹಮ್ಮಸ್‌ನ ಮೂರು ರುಚಿಗಳಲ್ಲಿ ನನ್ನ ಮತ ಕೆಂಪು ಮೆಣಸಿನಕಾಯಿಗೆ

ಸುಟ್ಟ ಕೆಂಪು ದೊಣ್ಣೆ ಮೆಣಸಿನಕಾಯಿಯ ಚಿತ್ರ ನೋಡಿ ಸಿದ್ಧ ಹಮ್ಮಸ್‌ನ ಡಬ್ಬಿಯೊಂದನ್ನು ಕೊಂಡಿದ್ದೆ. ಹಮ್ಮಸ್ ಎಂದರೆ ಬೇಯಿಸಿದ ಕಾಬೂಲಿ ಕಡಲೆಯನ್ನು ನುಣ್ಣಗೆ ರುಬ್ಬಿ ಮಾಡುವ, ಬ್ರೆಡ್ಡಿಗೆ ಹಚ್ಚಿ ತಿನ್ನುವ ಮಿಶ್ರಣ. ಮುಚ್ಚಳ ತೆರೆದರೆ, ಆ ಮೆಣಸಿನಕಾಯಿಯ ಪಾಲು ನಟ್ಟನಡುವೆ ಒಂದು ಚಮಚದಷ್ಟು ಕೆಂಪು ಮಿಶ್ರಣ ಮಾತ್ರ. ಅದನ್ನು ಬಳಿದು ತಿಂದ ಮೇಲೆ ಉಳಿದದ್ದು ಹುಳಿ ಹಿಟ್ಟು. ಪದಾರ್ಥಗಳ ಪಟ್ಟಿ ಓದಿದಾಗ ಕಾರಣ ತಿಳಿಯಿತು: ಎಳ್ಳು ರುಬ್ಬಿ ಮಾಡುವ ತಾಹಿನಿಗಿಂತ ಮೊದಲು ಅಗ್ಗದ ಎಣ್ಣೆಯ ಹೆಸರಿತ್ತು, ನಿಂಬೆಯ ಜಾಗದಲ್ಲಿ ಸಿಟ್ರಿಕ್ ಆಮ್ಲವಿತ್ತು. ಆಮೇಲೆ ಮನೆಯಲ್ಲೇ ಕೆಂಪು ಮೆಣಸಿನಕಾಯಿ, ಬೀಟ್‌ರೂಟ್ ಮತ್ತು ಕೊತ್ತಂಬರಿ ಸೊಪ್ಪಿನ ಹಮ್ಮಸ್ ಮಾಡಿ ನೋಡುತ್ತಾ ಬಂದಿದ್ದೇನೆ. ಇದು ನಿಷ್ಪಕ್ಷಪಾತ ಹೋಲಿಕೆಯೇನಲ್ಲ. ಕೆಂಪು ಮೆಣಸಿನಕಾಯಿಯದು ಎಷ್ಟೇ ಕಾಟ ಕೊಟ್ಟರೂ ಅದನ್ನು ಬಿಡಲು ನನಗೆ ಮನಸ್ಸಿಲ್ಲ.

ಲೆಬನಾನ್, ಸಿರಿಯಾ, ಪ್ಯಾಲೆಸ್ಟೈನ್ ಕಡೆಯ ಮೂಲ ಹಮ್ಮಸ್‌ಗೆ ಕಾಬೂಲಿ ಕಡಲೆ, ತಾಹಿನಿ, ನಿಂಬೆ, ಬೆಳ್ಳುಳ್ಳಿ, ಉಪ್ಪು ಇದ್ದರೆ ಸಾಕು. ಬೀಟ್‌ರೂಟ್ ಹಾಕಿದ್ದನ್ನು ಹಮ್ಮಸ್ ಎಂದು ಕರೆಯಲೇಬಾರದು ಎನ್ನುವವರಿದ್ದಾರೆ. ಅವರೊಂದಿಗೆ ನನ್ನ ವಾದವಿಲ್ಲ. ಮೂಲದ್ದು ಚೆನ್ನಾಗಿ ಬಾರದೆ ಮೇಲಿನ ರುಚಿ ಯಾವುದೂ ನಿಲ್ಲುವುದಿಲ್ಲ ಎಂಬುದಂತೂ ನಿಜ. 250 ಗ್ರಾಂ ಒಣ ಕಡಲೆಯನ್ನು ರಾತ್ರಿಯಿಡೀ ನೆನೆಸಿ, ಅರ್ಧ ಚಮಚ ಅಡುಗೆ ಸೋಡಾ ಹಾಕಿ ಬೇಯಿಸುತ್ತೇನೆ. ಸೋಡಾದಿಂದ ನೀರು ಕ್ಷಾರವಾಗಿ, ಸಿಪ್ಪೆಯನ್ನು ಬಿಗಿಯಾಗಿಟ್ಟ ಪೆಕ್ಟಿನ್ ಎಂಬ ಅಂಟು ಕರಗುತ್ತದೆ. ಗಡಸು ನೀರಿನಲ್ಲಿ ಬೇಯಿಸುವವರಿಗೆ ಇದು ಇನ್ನೂ ಮುಖ್ಯ. ಹೆಚ್ಚಾದರೆ ಸಾಬೂನಿನ ವಾಸನೆ ಬರುತ್ತದೆ, ಜೋಕೆ. ಕಾಳು ಬೆರಳುಗಳ ನಡುವೆ ಒತ್ತಿದ ಕೂಡಲೇ ಬೆಣ್ಣೆಯಂತೆ ಮೆತ್ತಗಾಗಬೇಕು, ಆಕಾರ ಉಳಿದಿದ್ದರೆ ಇನ್ನೂ ಬೇಯಲಿ. ಬೆಳ್ಳುಳ್ಳಿಯನ್ನು ನಿಂಬೆರಸದಲ್ಲೇ ಅರೆದು ಹತ್ತು ನಿಮಿಷ ಬಿಟ್ಟರೆ ಹಸಿ ಘಾಟು ಏರುವುದಿಲ್ಲ, ಏಕೆಂದರೆ ಆ ಘಾಟನ್ನು ಹುಟ್ಟಿಸುವ ಕಿಣ್ವವನ್ನು ಹುಳಿ ತಡೆಯುತ್ತದೆ. ಆ ರಸಕ್ಕೆ ತಾಹಿನಿ ಬೆರೆಸಿದಾಗ ಅದು ಗಟ್ಟಿ ಮುದ್ದೆಯಾಗಿ ಗಾಬರಿಪಡಿಸುತ್ತದೆ. ತಣ್ಣೀರು ಸ್ವಲ್ಪ ಸ್ವಲ್ಪವೇ ಹಾಕಿ ತಿರುವಿದರೆ ಬಿಳುಪೇರಿ ಸಡಿಲವಾಗುತ್ತದೆ. ಕೊನೆಗೆ ಕಡಲೆ.

ಇನ್ನು ಕೆಂಪು ಮೆಣಸಿನಕಾಯಿಯ ಗೋಳು. ಅದರ ಹೆಸರು ನೀರು.

ದೊಣ್ಣೆ ಮೆಣಸಿನಕಾಯಿಯಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕಿಂತ ಹೆಚ್ಚು ನೀರೇ. ಉರಿಯ ಮೇಲೆ ಸುಟ್ಟು, ಸಿಪ್ಪೆ ಪೂರ್ತಿ ಕಪ್ಪಾದ ಮೇಲೆ ಪಾತ್ರೆಯಲ್ಲಿ ಮುಚ್ಚಿಟ್ಟರೆ ಹಬೆಗೆ ಸಿಪ್ಪೆ ಬಿಡುತ್ತದೆ. ಜೊತೆಗೆ ತಳದಲ್ಲಿ ರಸವೂ ನಿಲ್ಲುತ್ತದೆ. ಆ ರಸ ಚೆಲ್ಲಿದರೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ತಿರುಳಿನೊಳಗೆ ಇನ್ನೂ ಅಡಗಿರುವ ನೀರು ಮಿಕ್ಸಿ ತಿರುಗಿದಾಗ ಹೊರಬಂದು, ತಟ್ಟೆಯಲ್ಲಿ ಗುಂಡಿ ಮಾಡಿ ಆಲಿವ್ ಎಣ್ಣೆ ನಿಲ್ಲಿಸಬೇಕಾದ ಹಮ್ಮಸ್ ಅಂಚಿನವರೆಗೂ ಹರಡಿಕೊಳ್ಳುತ್ತದೆ. ಗಟ್ಟಿಯಾಗಲೆಂದು ಇನ್ನಷ್ಟು ತಾಹಿನಿ ಸುರಿದರೆ ಮೆಣಸಿನಕಾಯಿಯ ರುಚಿಯೇ ಮುಚ್ಚಿಹೋಗುತ್ತದೆ, ಕಡಲೆ ಸೇರಿಸಿದರೆ ಉಪ್ಪು ಹುಳಿ ಎರಡನ್ನೂ ಮೊದಲಿಂದ ಸರಿದೂಗಿಸಬೇಕು. ಫ್ರಿಜ್‌ನಲ್ಲಿಟ್ಟರೆ ಗಟ್ಟಿಯಾಗುವುದು ನಿಜ, ಆದರೆ ಮೇಲೆ ತೆಳುವಾದ ಕಿತ್ತಳೆ ಬಣ್ಣದ ನೀರು ನಿಂತಿರುತ್ತದೆ.

ಎರಡು ಉಪಾಯ ಸೇರಿದರೆ ಇದು ಹತೋಟಿಗೆ ಬರುತ್ತದೆ. ಸಿಪ್ಪೆ ಬೀಜ ತೆಗೆದ ತಿರುಳನ್ನು ಹೆಚ್ಚಿ, ಚಿಟಿಕೆ ಉಪ್ಪು ಬೆರೆಸಿ ಜರಡಿಯಲ್ಲಿ ಅರ್ಧ ಗಂಟೆ ಬಿಡಬೇಕು. ಬಳಿಕ ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ಹಾಕಿ, ಸಣ್ಣ ಉರಿಯಲ್ಲಿ ಬಾಡಿಸಬೇಕು. ಮೊದಲು ಗುಳುಗುಳು ಎನ್ನುವ ಸದ್ದು ನಿಧಾನವಾಗಿ ಚಟಪಟಕ್ಕೆ ತಿರುಗಿ, ಸೌಟು ಎಳೆದ ದಾರಿ ತಕ್ಷಣ ಮುಚ್ಚದಿದ್ದರೆ ಸಾಕು. ಕೆಂಪು ಗಾಢವಾಗಿರುತ್ತದೆ, ಸಿಹಿ ಹೆಚ್ಚಿರುತ್ತದೆ. ಎರಡು ದೊಡ್ಡ ಕಾಯಿ ಕುಗ್ಗಿ ಅಂಗೈಯಷ್ಟಾದಾಗ ಹೊಟ್ಟೆ ಉರಿಯುತ್ತದೆ ನಿಜ, ಆದರೆ ರುಚಿಯೆಲ್ಲ ಅದರಲ್ಲೇ ಇರುತ್ತದೆ. ತಾಹಿನಿ ಸಡಿಲಿಸುವ ತಣ್ಣೀರನ್ನೂ ಅರ್ಧಕ್ಕೆ ಇಳಿಸಿ, ಮಿಕ್ಕದ್ದನ್ನು ಮೆಣಸಿನಕಾಯಿ ಸೇರಿದ ಮೇಲೆ ಬೇಕಾದರೆ ಮಾತ್ರ ಹಾಕಬೇಕು.

ಸುಟ್ಟ ಸಿಪ್ಪೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವವರನ್ನು ಕಂಡರೆ ನನಗೆ ಸಿಟ್ಟು. ಹೊಗೆಯ ಪರಿಮಳವೆಲ್ಲ ಚರಂಡಿಗೆ ಹೋದ ಮೇಲೆ ಸುಟ್ಟು ಏನು ಪ್ರಯೋಜನ? ಅಲ್ಲಲ್ಲಿ ಕಪ್ಪು ಚುಕ್ಕೆ ಉಳಿಯಲಿ. ಸಿಪ್ಪೆಯ ದೊಡ್ಡ ತುಣುಕು ಮಾತ್ರ ಉಳಿಯಬಾರದು, ಅದು ನುಣ್ಣಗಾಗದೆ ಸುರುಳಿ ಸುತ್ತಿ ಹಲ್ಲಿಗೆ ಸಿಗುತ್ತದೆ.

ಬೀಟ್‌ರೂಟ್‌ನದು ಸಾಧು ಸ್ವಭಾವ. ಸಿಪ್ಪೆ ಸಮೇತ ಒಲೆಯಲ್ಲಿ ಬೇಯಿಸಿ ಅಥವಾ ಹಬೆಯಲ್ಲಿಟ್ಟು, ಆರಿದ ಮೇಲೆ ರುಬ್ಬಿದರೆ ಆಯಿತು. ನೀರಿನ ಕಾಟ ಕಡಿಮೆ. ನಿಂಬೆಯ ಹುಳಿಯಲ್ಲಿ ಅದರ ಬಣ್ಣ ಹಾಳಾಗುವುದಿಲ್ಲ, ಮರುದಿನವೂ ಅದೇ ಗುಲಾಬಿ. ನನ್ನ ತಕರಾರು ಮಣ್ಣಿನ ವಾಸನೆಯ ಬಗ್ಗೆ. ನಿಂಬೆರಸ ತುಸು ಹೆಚ್ಚು, ಹುರಿದ ಜೀರಿಗೆ ಪುಡಿ ಅರ್ಧ ಚಮಚ ಹಾಕಿದರೆ ವಾಸನೆ ತಗ್ಗುತ್ತದೆ. ಚಿಕ್ಕ ಗಡ್ಡೆ ಒಂದೇ ಸಾಕು, ಎರಡಾದರೆ ಅದು ಸಿಹಿತಿಂಡಿಯ ಕಡೆಗೆ ನಡೆಯುತ್ತದೆ. ಮಕ್ಕಳಿರುವ ಮನೆಯಲ್ಲಿ ಬಣ್ಣಕ್ಕೇ ಗೆಲುವು.

ಕೊತ್ತಂಬರಿ ಸೊಪ್ಪಿನದು ಮಾಡಿದ ಗಂಟೆಯಲ್ಲಿ ಉಳಿದೆರಡನ್ನೂ ಸೋಲಿಸುತ್ತದೆ ಎಂದು ಒಪ್ಪಲೇಬೇಕು. ಹಸಿಮೆಣಸಿನಕಾಯಿ ಒಂದು ಸೇರಿದರಂತೂ ಕೇಳುವುದೇ ಬೇಡ. ಆದರೆ ಹುಳಿಗೆ ಹಸಿರು ತಾಳುವುದಿಲ್ಲ; ಎಲೆಯ ಹರಿತ್ತಿನಲ್ಲಿರುವ ಮೆಗ್ನೀಸಿಯಂ ಕಳಚಿ, ಮರುದಿನಕ್ಕೆ ಮಬ್ಬು ಕಂದು ಬಣ್ಣ. ಕುದಿನೀರಿಗೆ ಅದ್ದಿ ಮಂಜುಗಡ್ಡೆ ನೀರಿಗೆ ಹಾಕಿದರೆ ಬಣ್ಣ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಅಷ್ಟೇ. ಅತಿಥಿಗಳು ಬಾಗಿಲಲ್ಲಿ ನಿಂತಾಗ ರುಬ್ಬುವ ಹಮ್ಮಸ್ ಇದು.

ಖರ್ಚಿನಲ್ಲಿ ಮೂರಕ್ಕೂ ದೊಡ್ಡ ಬಾಬತ್ತು ತಾಹಿನಿಯೇ. ಸಿಪ್ಪೆ ತೆಗೆದ ಬಿಳಿ ಎಳ್ಳನ್ನು ಬಣ್ಣ ತಿರುಗುವ ಮೊದಲೇ ಹುರಿದು ಇಳಿಸಿ, ಸ್ವಲ್ಪ ಎಣ್ಣೆಯೊಂದಿಗೆ ಮನೆಯಲ್ಲೇ ರುಬ್ಬಿದರೆ ಅಲ್ಲೂ ಉಳಿತಾಯವಿದೆ. ಕೊಂಡ ತಾಹಿನಿಯಷ್ಟು ನುಣುಪು ಬರುವುದಿಲ್ಲ, ಮೆಣಸಿನಕಾಯಿಯ ಹಮ್ಮಸ್‌ನಲ್ಲಿ ಅದು ಗೊತ್ತಾಗುವುದೂ ಇಲ್ಲ.

ರಜೆಯ ದಿನ ಒಮ್ಮೆ ರುಬ್ಬಿ ವಾರದ ಮೊದಲ ಮೂರ್ನಾಲ್ಕು ದಿನ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಅಭ್ಯಾಸ ನನ್ನದು. ಹಾಗಾಗಿ ಕೊತ್ತಂಬರಿಯದು ಮೊದಲೇ ಹೊರಗೆ. ಬೀಟ್‌ರೂಟ್‌ನದು ಎರಡನೆಯ ದಿನಕ್ಕೆ ಬೇಸರ ತರಿಸುತ್ತದೆ. ಕೆಂಪು ಮೆಣಸಿನಕಾಯಿಯದಕ್ಕೆ ಮಾತ್ರ ಮರುದಿನ ರುಚಿ ಏರುತ್ತದೆ, ಹೊಗೆಯ ಪರಿಮಳ ಕಡಲೆಗೆ ಇಳಿದಿರುತ್ತದೆ. ಅದರ ಬೆಲೆ ಏರಿದ ತಿಂಗಳುಗಳಲ್ಲಿ ಬೀಟ್‌ರೂಟ್‌ಗೆ ಇಳಿಯುತ್ತೇನೆ. ಸಿದ್ಧ ಡಬ್ಬಿಯನ್ನು ಪ್ರಯಾಣದಲ್ಲಿ, ಬೇರೆ ಏನೂ ಸಿಗದಿದ್ದರೆ, ತೆರೆಯಬಹುದು. ಆಗಲೂ ಜೊತೆಗೆ ಒಂದು ನಿಂಬೆಹಣ್ಣು ಇಟ್ಟುಕೊಳ್ಳಿ.