ಎಳೆಯ ರೇಸ್ ಕುದುರೆಯಲ್ಲಿ ಪಾಲು: ಯರ್ಲಿಂಗ್, ಓಡಿಸಿ ತೋರಿಸಿದ ಎರಡು ವರ್ಷದ ಕುದುರೆ, ಲೀಸ್ – ಯಾವುದು ಯಾರಿಗೆ?

ರೇಸ್ ಕುದುರೆಯಲ್ಲಿ ಪಾಲು ಹಿಡಿಯಲು ಹೊರಟವರು ಮೊದಲು ಕೇಳುವುದು ಬೆಲೆ. ಎಳೆಯ ಕುದುರೆಯ ವಿಷಯದಲ್ಲಿ ಅದಕ್ಕೂ ಮುಂಚೆ ಕೇಳಬೇಕಾದ ಮೂರು ಮಾತುಗಳಿವೆ. ಮೊದಲ ಓಟಕ್ಕೆ ಇನ್ನೆಷ್ಟು ತಿಂಗಳು? ಅಷ್ಟೂ ತಿಂಗಳ ಬಿಲ್ ಯಾರ ತಲೆಯ ಮೇಲೆ? ಕಾಯುವುದೋ ಮಾರುವುದೋ ಎಂದು ತೀರ್ಮಾನಿಸುವವರು ಯಾರು? ಈ ಎಲ್ಲ ಬಗೆಯ ಪಾಲುಗಳನ್ನೂ ಹಿಡಿದು ನೋಡಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ತಾಳ್ಮೆಯೂ ಮೀಸಲು ಹಣವೂ ಇದ್ದವರಿಗೆ ಯರ್ಲಿಂಗ್, ಮೊದಲ ಸಲ ಕಾಲಿಡುವವರಿಗೆ ಲೀಸ್. ಉಳಿದವು ಇವೆರಡರ ನಡುವೆ ಎಲ್ಲೋ ಬರುತ್ತವೆ.

ಯರ್ಲಿಂಗ್ ಪಾಲು

ಯರ್ಲಿಂಗ್ ಎಂದರೆ ಒಂದು ವರ್ಷ ದಾಟಿದ, ಬೆನ್ನ ಮೇಲೆ ಇನ್ನೂ ಯಾರೂ ಕೂರದ ಮರಿ. ಹರಾಜಿನಿಂದ ಮೊದಲ ಓಟದವರೆಗೆ ಒಂದು ವರ್ಷ ಹಿಡಿಯುವುದು ಸಾಧಾರಣ, ಒಂದೂವರೆ ವರ್ಷವಾದರೂ ಆಶ್ಚರ್ಯವಿಲ್ಲ. ಜೀನು, ಕಡಿವಾಣ ರೂಢಿಸಿ ಸವಾರನನ್ನು ಹೊರುವಂತೆ ಪಳಗಿಸಲು ಆರರಿಂದ ಎಂಟು ವಾರ ಬೇಕು. ಆಮೇಲೆ ಒಂದಷ್ಟು ದಿನ ಬಯಲಿಗೆ ಬಿಟ್ಟು ಮತ್ತೆ ಕರೆತಂದು, ವಾರಗಟ್ಟಲೆ ನಿಧಾನದ ಓಟ ಮಾಡಿಸಿ, ಕೊನೆಗೆ ವೇಗದ ಕೆಲಸ ಕೊಡುತ್ತಾರೆ. ಈ ಅವಧಿಯಲ್ಲಿ ಬಹುಮಾನದ ಹಣ ಒಂದು ಬಿಡಿಗಾಸೂ ಬರುವುದಿಲ್ಲ, ಬಿಲ್ ಮಾತ್ರ ನಿಲ್ಲುವುದಿಲ್ಲ. ತಿಂಗಳ ಟ್ರೇನಿಂಗ್ ಶುಲ್ಕ, ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ, ಪಶುವೈದ್ಯರು, ಸಾಗಣೆ, ವಿಮೆ ಎಲ್ಲವೂ ನಡೆಯುತ್ತಲೇ ಇರುತ್ತವೆ.

ಲೆಕ್ಕ ಹೀಗೆ ಹಾಕಿ. ಮರಿಯ ಬೆಲೆ 100, ತಿಂಗಳ ಖರ್ಚು 4 ಎಂದಿಟ್ಟುಕೊಂಡರೆ 15 ತಿಂಗಳಿಗೆ 60 ಆಗುತ್ತದೆ. 10% ಪಾಲುದಾರ ಮೊದಲ ಓಟದ ಹೊತ್ತಿಗೆ 10 ಅಲ್ಲ, 16 ಕೊಟ್ಟಿರುತ್ತಾನೆ. ಸಿಂಡಿಕೇಟ್, ಅಂದರೆ ಕುದುರೆ ಕೊಂಡು ಪಾಲುಗಳಾಗಿ ಹಂಚುವ ಗುಂಪು, ನಡೆಸುವವರ ಲಾಭ ಇದರ ಮೇಲೆ. ಆದ್ದರಿಂದ ಹರಾಜಿನಲ್ಲಿ ಕೂಗಿ ನಿಂತ ಬೆಲೆ ಎಷ್ಟು, ಎಲ್ಲ ಪಾಲುಗಳನ್ನು ಕೂಡಿಸಿದರೆ ಎಷ್ಟು, ನಡುವಿನ ವ್ಯತ್ಯಾಸ ಯಾವುದಕ್ಕೆ ಹೋಯಿತು ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ವಿಮೆ, ತಪಾಸಣೆ, ಪಳಗಿಸುವ ಖರ್ಚು ಅದರಲ್ಲಿ ಸೇರಿದ್ದರೆ ವ್ಯತ್ಯಾಸ ದೊಡ್ಡದಿದ್ದರೂ ನ್ಯಾಯವೇ. ವಿವರ ಕೊಡಲು ಹಿಂಜರಿಯುವವರ ಪಾಲು ಬೇಡ.

ಎಕ್ಸ್‌ರೇ ಮತ್ತು ಗಂಟಲಿನ ಎಂಡೋಸ್ಕೋಪಿ ವರದಿಗಳನ್ನು ಮಾರುವವರ ವೈದ್ಯರಲ್ಲದೆ ನಿಮ್ಮ ವೈದ್ಯರೂ ಓದಬೇಕು. ಕೀಲುಗಳಲ್ಲಿ ಮೃದ್ವಸ್ಥಿ ಸರಿಯಾಗಿ ಗಟ್ಟಿಯಾಗದೆ ತುಣುಕು ಬಿಡುವ ಓಸಿಡಿ ಈ ವಯಸ್ಸಿನಲ್ಲಿ ಅಪರೂಪವಲ್ಲ. ಅದು ಯಾವ ಕೀಲಿನಲ್ಲಿ, ಎಷ್ಟು ದೊಡ್ಡದು ಎಂಬುದರ ಮೇಲೆ ಕುದುರೆಯ ಹಣೆಬರಹ ನಿಂತಿದೆ. ಗಂಟಲಿನಲ್ಲಿ ಮುಖ್ಯವಾಗಿ ನೋಡುವುದು ಉಸಿರಿನ ದಾರಿಯನ್ನು ತೆರೆಯುವ ಎಡಭಾಗದ ಮೃದ್ವಸ್ಥಿಯ ಚಲನೆ. ಅದು ಪೂರ್ತಿ ತೆರೆದುಕೊಳ್ಳದಿದ್ದರೆ ವೇಗದಲ್ಲಿ ಉಸಿರು ಸಾಲದೆ ಸದ್ದು ಬರುತ್ತದೆ. ಶಸ್ತ್ರಚಿಕಿತ್ಸೆ ಇದೆ, ಆದರೆ ಅದರಿಂದ ಮೊದಲಿನ ಉಸಿರು ಪೂರ್ತಿ ಮರಳುತ್ತದೆ ಎಂಬ ಖಾತರಿಯಿಲ್ಲ.

ಯರ್ಲಿಂಗ್ ಪಾಲಿನ ನಿಜವಾದ ಲಾಭ ಇರುವುದು ತಡವಾಗಿ ಹುಟ್ಟಿದ ಮರಿಗಳಲ್ಲಿ. ಉತ್ತರ ಗೋಲಾರ್ಧದಲ್ಲಿ ಎಲ್ಲ ಥರೋಬ್ರೆಡ್ (ರೇಸ್ ತಳಿಯ) ಕುದುರೆಗಳಿಗೂ ಜನವರಿ 1ರಂದು, ದಕ್ಷಿಣದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಗಸ್ಟ್ 1ರಂದು ಒಂದು ವಯಸ್ಸು ಏರುತ್ತದೆ. ಉತ್ತರದಲ್ಲಿ ಮೇ ತಿಂಗಳಲ್ಲಿ ಹುಟ್ಟಿದ್ದು ಜನವರಿಯಲ್ಲಿ ಹುಟ್ಟಿದ್ದರ ಪಕ್ಕದಲ್ಲಿ ನಿಂತರೆ ನಾಲ್ಕು ತಿಂಗಳು ಎಳಸು. ಹರಾಜಿನಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ, ಬೆಲೆಯೂ ಇಳಿಯುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಆ ಅಂತರ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಕಾಯಬಲ್ಲ ಗುಂಪಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ಕಾಯಲಾರದ ಗುಂಪು ಎಡವುವುದೂ ಇಲ್ಲೇ. ಮುಂಗಾಲಿನ ಮಂಡಿಯ ಮೇಲ್ಭಾಗದಲ್ಲಿ ಮೂಳೆ ಬೆಳೆಯುವ ಪದರ ಮುಚ್ಚಿಕೊಳ್ಳಲು ಸುಮಾರು ಎರಡರಿಂದ ಎರಡೂವರೆ ವರ್ಷ ಬೇಕು. ಎರಡು ವರ್ಷದ ಕುದುರೆಗಳ ದೊಡ್ಡ ಬಹುಮಾನದ ಓಟಗಳು ಹತ್ತಿರವಾದಂತೆ ಪಾಲುದಾರರ ಫೋನು ಟ್ರೇನರ್‌ಗೆ ಹೆಚ್ಚುತ್ತದೆ. ಮೂಳೆ ಹೊಂದಿಕೊಳ್ಳುವ ಮುಂಚೆ ವೇಗದ ಕೆಲಸ ಬಿದ್ದರೆ ಮುಂಗಾಲಿನಲ್ಲಿ ಮಂಡಿಯ ಕೆಳಗಿನ ಮೂಳೆಯ ಮುಂಭಾಗ ಉರಿಯೂತಗೊಂಡು ನೋವು ಬರುತ್ತದೆ. ಲಾಯದವರು ಶಿನ್ ಸೋರ್ ಎನ್ನುವುದು ಇದನ್ನೇ. ಹಲವು ವಾರ ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ನೋವಿನಲ್ಲೇ ಓಡಿಸಿದರೆ ಮೂಳೆ ಬಿರುಕು ಬಿಡಬಹುದು. ಇಪ್ಪತ್ತು ಜನರ ಆತುರವನ್ನು ತಡೆದು ನಿಲ್ಲುವ ಟ್ರೇನರ್ ಸಿಕ್ಕಿದರೆ ಅವರನ್ನು ಬಿಡಬೇಡಿ.

ಇಲ್ಲಿ ನೆರವಾಗುವ ಒಂದು ಪರೀಕ್ಷೆ ಇದೆ. ಸ್ನಾಯುವಿನ ಬೆಳವಣಿಗೆಗೆ ಮಿತಿ ಹಾಕುವ ಮಯೋಸ್ಟಾಟಿನ್ ವಂಶವಾಹಿಗೂ ಓಟದ ದೂರಕ್ಕೂ ಇರುವ ನಂಟು 2010ರಲ್ಲಿ ಪ್ರಕಟವಾಯಿತು. ಈ ವಂಶವಾಹಿಯ ಮೂರು ಬಗೆಗಳಲ್ಲಿ ಸಿಸಿ ಬಗೆಯವು ಕಡಿಮೆ ದೂರಕ್ಕೆ, ಟಿಟಿ ಬಗೆಯವು ಹೆಚ್ಚು ದೂರಕ್ಕೆ, ಸಿಟಿ ನಡುವಿನ ದೂರಕ್ಕೆ ಒಲವು ತೋರುತ್ತವೆ. ಕುದುರೆ ಗೆಲ್ಲುತ್ತದೋ ಇಲ್ಲವೋ ಎಂದು ಇದು ಹೇಳುವುದಿಲ್ಲ. ಆದರೆ ಟಿಟಿ ಮರಿಯಿಂದ ಎರಡನೆಯ ವರ್ಷದಲ್ಲೇ ಚುರುಕಿನ ಓಟ ನಿರೀಕ್ಷಿಸಬಾರದು ಎಂದು ಗುಂಪಿಗೆ ಮೊದಲೇ ತಿಳಿದಿದ್ದರೆ ಅರ್ಧ ಜಗಳ ತಪ್ಪುತ್ತದೆ.

ಓಡಿಸಿ ತೋರಿಸಿದ ಎರಡು ವರ್ಷದ ಕುದುರೆ

ಬ್ರೀಜ್-ಅಪ್ ಹರಾಜಿನಲ್ಲಿ ಕುದುರೆಯನ್ನು ಒಂದೆರಡು ಫರ್ಲಾಂಗ್ ವೇಗವಾಗಿ ಓಡಿಸಿ ತೋರಿಸುತ್ತಾರೆ. ಕಾಯುವ ಕಾಲ ಕೆಲವೇ ತಿಂಗಳಿಗೆ ಇಳಿಯುತ್ತದೆ, ಪಳಗಿಸುವ ಖರ್ಚು ಮಾರುವವರದ್ದು, ನಡಿಗೆಯನ್ನೂ ಓಟವನ್ನೂ ಕಣ್ಣಾರೆ ನೋಡಬಹುದು. ಯರ್ಲಿಂಗ್‌ಗೆ ಹೋಲಿಸಿದರೆ ಇವು ಮೂರೂ ದೊಡ್ಡ ಅನುಕೂಲ.

ಅಪಾಯ ಇರುವುದು ಗಡಿಯಾರದಲ್ಲಿ. ದಿ ಗ್ರೀನ್ ಮಂಕಿ ಎಂಬ ಕುದುರೆ 2006ರಲ್ಲಿ ಒಂದು ಫರ್ಲಾಂಗನ್ನು 9.8 ಸೆಕೆಂಡಿನಲ್ಲಿ ಓಡಿ 1.6 ಕೋಟಿ ಡಾಲರ್‌ಗೆ ಮಾರಾಟವಾಯಿತು. ಆಮೇಲೆ ಓಡಿದ್ದು ಮೂರು ಓಟ, ಗೆದ್ದದ್ದು ಒಂದೂ ಇಲ್ಲ. ಆ ಒಂದು ಫರ್ಲಾಂಗ್‌ಗಾಗಿಯೇ ತಿಂಗಳುಗಟ್ಟಲೆ ತಯಾರಾದ ಕುದುರೆ ಆರು ಫರ್ಲಾಂಗ್‌ನಲ್ಲಿ ಏನು ಮಾಡುತ್ತದೆ ಎಂಬುದನ್ನು ಆ ಸೆಕೆಂಡುಗಳು ಹೇಳುವುದಿಲ್ಲ. ಸಮಯಕ್ಕಿಂತ ಹೆಜ್ಜೆಯ ಉದ್ದ, ಗೆರೆ ದಾಟಿದ ಮೇಲೂ ಎಷ್ಟು ದೂರ ಸಲೀಸಾಗಿ ಓಡುತ್ತದೆ, ಉಸಿರು ಎಷ್ಟು ಬೇಗ ಹತೋಟಿಗೆ ಬರುತ್ತದೆ ಎಂಬುದನ್ನು ನೋಡಿ. ಎಕ್ಸ್‌ರೇ ಮಾತ್ರ ಆ ಓಟದ ನಂತರ ತೆಗೆದದ್ದೇ ಆಗಿರಬೇಕು. ಕೀಲಿನ ಮೂಳೆಯಿಂದ ಚೂರು ಕಳಚುವುದು ಅಂಥ ಓಟದಲ್ಲೂ ಆಗಬಹುದು, ಹಳೆಯ ಚಿತ್ರದಲ್ಲಿ ಅದು ಕಾಣುವುದಿಲ್ಲ.

ಲೀಸ್

ಲೀಸ್‌ನಲ್ಲಿ ಕುದುರೆಯ ಒಡೆತನ ಸಾಕಿದವರಲ್ಲೇ ಉಳಿಯುತ್ತದೆ. ಗುಂಪು ತಿಂಗಳ ಖರ್ಚು ಹೊತ್ತು, ಗೊತ್ತಾದ ಅವಧಿಯವರೆಗೆ ತನ್ನ ಹೆಸರಿನಲ್ಲಿ ಓಡಿಸಿ, ಬಹುಮಾನದಲ್ಲಿ ಒಂದು ಭಾಗವನ್ನು ಒಡೆಯರಿಗೆ ಕೊಡುತ್ತದೆ. ಮುಂದೆ ತಳಿಗೆ ಬೇಕಾದ ಹೆಣ್ಣು ಕುದುರೆಗಳನ್ನು ಸ್ಟಡ್ ಫಾರ್ಮ್‌ಗಳು ಹೀಗೆ ಕೊಡುವುದುಂಟು. ಬಂಡವಾಳ ಮುಳುಗುವ ಭಯವಿಲ್ಲ. ಕುದುರೆ ಕೈಕೊಟ್ಟರೆ ಒಪ್ಪಂದದಂತೆ ನೋಟಿಸ್ ಕೊಟ್ಟು ವಾಪಸ್ ಒಪ್ಪಿಸಬಹುದು. ಕುದುರೆ ಚೆನ್ನಾಗಿ ಬೆಳೆದರೆ ಅದರ ಏರಿದ ಬೆಲೆ ನಿಮ್ಮದಾಗುವುದಿಲ್ಲ, ಇದಕ್ಕೆ ಕೊಡುವ ಬೆಲೆ ಅದೇ. ಶಸ್ತ್ರಚಿಕಿತ್ಸೆಯ ಖರ್ಚು ಯಾರದ್ದು, ವಿಮೆ ಯಾರ ಹೆಸರಿಗೆ, ಕುದುರೆಯನ್ನೇ ಮಾರಾಟಕ್ಕಿಟ್ಟು ಓಡಿಸುವ ಕ್ಲೇಮಿಂಗ್ ಓಟಕ್ಕೆ ಸೇರಿಸಬಹುದೇ ಎಂಬ ಮೂರು ಮಾತು ಕಾಗದದಲ್ಲಿ ಇರಲೇಬೇಕು.

ಸಾವಿರಾರು ಜನರಿಗೆ ಹಂಚುವ ಸೂಕ್ಷ್ಮ ಪಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಹೆಸರಾಂತ ಓಟ ಕೆಂಟಕಿ ಡರ್ಬಿಯನ್ನು 2020ರಲ್ಲಿ ಗೆದ್ದ ಅಥೆಂಟಿಕ್‌ನ 12.5% ಭಾಗವನ್ನು ಐದು ಸಾವಿರಕ್ಕೂ ಹೆಚ್ಚು ಜನ ಹಂಚಿಕೊಂಡಿದ್ದರು. ಒಂದು ಪಾಲಿಗೆ 206 ಡಾಲರ್. ಗೆಲುವಿನ ಸಂತೋಷ ನಿಜವೇ, ತೀರ್ಮಾನದಲ್ಲಿ ಮಾತ್ರ ಮತವಿಲ್ಲ.

ಸ್ನೇಹಿತರ ಗುಂಪೋ, ಸಿಂಡಿಕೇಟ್ ಕಂಪನಿಯೋ?

1977ರಲ್ಲಿ ಅಮೆರಿಕದ ಟ್ರಿಪಲ್ ಕ್ರೌನ್ (ಕೆಂಟಕಿ ಡರ್ಬಿ, ಪ್ರೀಕ್‌ನೆಸ್, ಬೆಲ್ಮಾಂಟ್ ಎಂಬ ಮೂರು ಓಟ) ಗೆದ್ದ ಸಿಯಾಟಲ್ ಸ್ಲೂವನ್ನು ಯರ್ಲಿಂಗ್ ಆಗಿದ್ದಾಗ 17,500 ಡಾಲರ್‌ಗೆ ಕೊಂಡು ಎರಡು ದಂಪತಿಗಳು ಪಾಲು ಹಂಚಿಕೊಂಡಿದ್ದರು. ಸ್ನೇಹಿತರ ಗುಂಪಿನಲ್ಲಿ ನಡುವಿನವರಿಗೆ ಹೋಗುವ ಲಾಭ ನಿಮಗೇ ಉಳಿಯುತ್ತದೆ, ಮಾತು ನೇರವಾಗಿರುತ್ತದೆ. ನಮ್ಮ ಒಲವೂ ಐದರಿಂದ ಹತ್ತು ಜನರ ಇಂಥ ಗುಂಪಿನ ಕಡೆಗೇ. ಕಷ್ಟ ಬರುವುದು ಒಬ್ಬರು ಹಣ ನಿಲ್ಲಿಸಿದಾಗ. ಟ್ರೇನರ್‌ಗೆ ಬರಬೇಕಾದ ಬಾಕಿ ಉಳಿದವರ ಮೇಲೆ ಬೀಳುತ್ತದೆ. ಕಂಪನಿ ನಡೆಸುವ ಸಿಂಡಿಕೇಟ್‌ನಲ್ಲಿ ವಸೂಲಿಗೆ ಒಬ್ಬರು ಇರುತ್ತಾರೆ, ಗುಂಪಿನಲ್ಲಿ ಆ ಕೆಲಸ ಕಾಗದವೇ ಮಾಡಬೇಕು. 30 ದಿನ ಬಾಕಿಯಾದರೆ ಮತದ ಹಕ್ಕು ನಿಲ್ಲುವುದು, 90 ದಿನವಾದರೆ ಪಾಲು ಉಳಿದವರಿಗೆ ಹಂಚಿಹೋಗುವುದು ಎಂಬಂಥ ಷರತ್ತು ಹಾಕಿ. ಆರಂಭದಲ್ಲೇ ಆರು ತಿಂಗಳ ಖರ್ಚನ್ನು ಜಂಟಿ ಖಾತೆಯಲ್ಲಿ ಇಡಿಸಿ.

ಟ್ರೇನರ್ ಜೊತೆ ಮಾತಾಡಲು ಒಬ್ಬರನ್ನೇ ನೇಮಿಸಿ. ಎಷ್ಟು ಮೊತ್ತದವರೆಗಿನ ಚಿಕಿತ್ಸೆಗೆ ಅವರೊಬ್ಬರ ಒಪ್ಪಿಗೆ ಸಾಕು, ಯಾವುದಕ್ಕೆ ಪಾಲಿನ ಬಹುಮತ ಬೇಕು ಎಂದು ಬರೆದಿಡಿ. ಕರುಳಿನ ಶೂಲೆ ಬಂದ ರಾತ್ರಿ ಹತ್ತು ಜನರ ಮತ ಕೇಳಲು ಸಮಯವಿರುವುದಿಲ್ಲ. ಬೀಜ ತೆಗೆಸುವ ವಿಚಾರವನ್ನೂ ಕೊಳ್ಳುವ ಮುಂಚೆಯೇ ಮುಗಿಸಿ. ಮುಂದೆ ತಳಿಗೆ ಬಂದರೆ ದೊಡ್ಡ ಹಣ ಎಂಬ ಆಸೆಯಿಂದ ತುಂಟ ಗಂಡು ಮರಿಯನ್ನು ಹಾಗೇ ಬಿಟ್ಟು ಅದರ ಓಟದ ಒಳ್ಳೆಯ ವರ್ಷಗಳನ್ನು ಕಳೆಯುವ ಗುಂಪುಗಳಿವೆ. ಹತ್ತು ಪಾಲುದಾರರ ಫನಿ ಸೈಡ್ 2003ರಲ್ಲಿ ಕೆಂಟಕಿ ಡರ್ಬಿಯನ್ನೂ ಪ್ರೀಕ್‌ನೆಸ್ಸನ್ನೂ ಗೆದ್ದದ್ದು ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಕುದುರೆ, ಆಗಿಯೇ.

ವಿಮೆ ಮಾಡಿಸುವಾಗ ಓದಿ ನೋಡಿ: ಸಾಮಾನ್ಯ ಪಾಲಿಸಿ ಸಾವಿಗೆ ಮಾತ್ರ ಹಣ ಕೊಡುತ್ತದೆ, ಕಾಲಿನ ಸ್ನಾಯುರಜ್ಜು (ಟೆಂಡನ್) ಹೋಗಿ ಓಟ ನಿಂತರೆ ಕೊಡುವುದಿಲ್ಲ. ಓಟ ನಿಂತ ಕುದುರೆ ಎಲ್ಲಿಗೆ ಹೋಗಬೇಕು, ಹೊಸ ಮನೆ ಸಿಗುವವರೆಗೆ ಅದರ ಮೇವಿನ ಖರ್ಚನ್ನು ಪಾಲಿನ ಪ್ರಮಾಣದಲ್ಲಿ ಎಲ್ಲರೂ ಕೊಡಬೇಕು ಎಂಬ ಸಾಲು ಒಪ್ಪಂದದಲ್ಲಿ ಇಲ್ಲದಿದ್ದರೆ ಸಹಿ ಹಾಕಬೇಡಿ. ಪಾಲು ಮಾರಿ ಹೊರಗೆ ಹೋದವರಿಗೂ ಆ ಹೊಣೆ ಯಾವ ದಿನದವರೆಗೆ ಇರುತ್ತದೆ ಎಂಬುದನ್ನೂ ಅಲ್ಲೇ ನಮೂದಿಸಿ.